ನಿಮಗಿದು ಗೊತ್ತೆ? ಟ್ಯಾಂಕಿನ ಮೇಲಿನ ಕಡ್ಡಿ ಅಲಂಕಾರವಲ್ಲ

ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ 1948ರ ನವೆಂಬರ್ 1ರಂದು ಹಿಮದ ಜೋಜಿಲಾ ಕಣಿವೆಗೆ ನುಗ್ಗಿಸಿದ ಸ್ಟುವರ್ಟ್ ಟ್ಯಾಂಕುಗಳು ಎರಡನೇ ಮಹಾಯುದ್ಧದ ಕಾಲದವು. ಆ ಯುದ್ಧದಲ್ಲಿ ಬ್ರಿಟಿಷ್ ಕಡೆಯ ಟ್ಯಾಂಕುಗಳ ಸಾಮಾನ್ಯ ರೇಡಿಯೊ ‘ನಂ. 19’ ವೈರ್‌ಲೆಸ್ ಸೆಟ್. ಇಂಥ ಗಾಡಿಯನ್ನು ಜೀರ್ಣೋದ್ಧಾರ ಮಾಡುವವರು ತೋಪಿಗೆ, ಬಣ್ಣಕ್ಕೆ ಕೊಡುವಷ್ಟೇ ಗಮನವನ್ನು ಆಂಟೆನಾದ ಬುಡಕ್ಕೂ ಕೊಡಬೇಕು. ಮಾತಾಡದ ರೇಡಿಯೊಗೆ ಯಾವ ಕಡ್ಡಿಯಾದರೇನು, ಒಂದು ಪೈಪ್ ಬೆಸೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಆ ಸೆಟ್ಟಿಗೆ ಎರಡು ಆಂಟೆನಾ. ಮೊಳಕ್ಕಿಂತ ತುಸು ಉದ್ದದ್ದು ಸುಮಾರು 235 ಮೆಗಾಹರ್ಟ್ಜ್‌ನಲ್ಲಿ ಮೈಲಿಯೊಳಗಿನ ಪಕ್ಕದ ಟ್ಯಾಂಕುಗಳೊಂದಿಗೆ ಮಾತಾಡಲು. ಆಳೆತ್ತರ ಮೀರಿದ್ದು 2ರಿಂದ 8 ಮೆಗಾಹರ್ಟ್ಜ್‌ನಲ್ಲಿ ಹತ್ತು ಮೈಲಿಯಷ್ಟು ದೂರಕ್ಕೆ. 3 ಮೆಗಾಹರ್ಟ್ಜ್‌ನ ಅಲೆಯ ಉದ್ದ 100 ಮೀಟರ್; ಅದರ ಕಾಲುಭಾಗವೇ 25 ಮೀಟರ್. ಅಷ್ಟುದ್ದದ ಕಡ್ಡಿ ಹೊತ್ತು ಟ್ಯಾಂಕ್ ಓಡೀತೆ? ಅದಕ್ಕೇ ಸೆಟ್ಟಿಗೂ ಕಡ್ಡಿಗೂ ನಡುವೆ ವೇರಿಯೋಮೀಟರ್ ಎಂಬ ತಾಮ್ರಸುರುಳಿಯ ಪೆಟ್ಟಿಗೆ ಇಟ್ಟು ಕೊರತೆ ತುಂಬಿದರು. ಬುಡದಲ್ಲಿ ರಬ್ಬರ್: ಕೊಂಬೆ ತಾಗಿದರೆ ಕಡ್ಡಿ ಬಾಗಿ ಮತ್ತೆ ನಿಲ್ಲಬೇಕು, ವಿದ್ಯುತ್ತು ಉಕ್ಕಿನ ಮೈಗೆ ಹರಿಯಲೂಬಾರದು. ಬೆಸೆದ ಪೈಪಿನಲ್ಲಿ ಇದ್ಯಾವುದೂ ಕಾಣುವುದಿಲ್ಲ.