‘ಯಾರು ಹೋಗಿ ಅಳೆದು ಬಂದರು?’: ನಕ್ಷತ್ರಗಳ ದೂರವನ್ನು ಬೋಧಿಸುವ ಬಗೆ

ಅಭ್ಯಾಸ ಬೋಧನೆಯ ವೀಕ್ಷಣೆಗೆಂದು ಪದವಿಪೂರ್ವ ತರಗತಿಯೊಂದರ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಾಠ ‘ನಕ್ಷತ್ರಗಳು ಮತ್ತು ಗೆಲಾಕ್ಸಿಗಳು’. ಪ್ರಶಿಕ್ಷಣಾರ್ಥಿ ಅಚ್ಚುಕಟ್ಟಾದ ಚಾರ್ಟು ತೂಗುಹಾಕಿ, ದೇವಯಾನಿ ಗೆಲಾಕ್ಸಿ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಬರೆಸಿದರು. ಒಬ್ಬ ವಿದ್ಯಾರ್ಥಿನಿ ಎದ್ದು, “ಅಷ್ಟು ದೂರ ಯಾರು ಹೋಗಿ ಅಳೆದು ಬಂದರು ಸರ್?” ಎಂದಳು. ತರಗತಿ ನಕ್ಕಿತು. “ವಿಜ್ಞಾನಿಗಳು ಕಂಡುಹಿಡಿದಿದ್ದಾರೆ, ಬರೆದುಕೊಳ್ಳಿ” ಎಂಬ ಉತ್ತರ ಬಂತು. ಅವಳು ಬರೆದುಕೊಂಡಳು.

ಆ ದಿನದ ಅತ್ಯುತ್ತಮ ಪ್ರಶ್ನೆ ಅಲ್ಲೇ ಮುಗಿದುಹೋಯಿತು. ಹೇಗೆ ಗೊತ್ತಾಯಿತು ಎಂಬುದನ್ನು ಬಿಟ್ಟು ಅಂಕಿಯನ್ನಷ್ಟೇ ಕೊಟ್ಟರೆ, ಖಗೋಳವಿಜ್ಞಾನವೂ ನಂಬಬೇಕಾದ ಮಾತುಗಳ ಪಟ್ಟಿಯಾಗುತ್ತದೆ. ಆ ಪ್ರಶ್ನೆಗೆ ಎರಡು ಅವಧಿಗಳಲ್ಲಿ ಉತ್ತರ ಕೊಡಬಹುದು. ಉಪಕರಣಗಳು ಹೆಬ್ಬೆರಳು ಮತ್ತು ಒಂದು ಬಲ್ಬು.

ಮೊದಲು ಹೆಬ್ಬೆರಳು. ತೋಳು ಚಾಚಿ ಬೆರಳನ್ನು ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ. ಹಿಂದಿನ ಕಪ್ಪುಹಲಗೆಯ ಮೇಲೆ ಬೆರಳು ಜಿಗಿದಂತೆ ಕಾಣುತ್ತದೆ. ಹತ್ತಿರ ತಂದರೆ ಜಿಗಿತ ಹೆಚ್ಚು, ದೂರ ಒಯ್ದರೆ ಕಡಿಮೆ. ಇದೇ ಪ್ಯಾರಲಾಕ್ಸ್. ಎರಡು ಕಣ್ಣುಗಳ ಬದಲಿಗೆ ಆರು ತಿಂಗಳ ಅಂತರದಲ್ಲಿ ಭೂಮಿ ಇರುವ ಎರಡು ಜಾಗಗಳನ್ನು ತೆಗೆದುಕೊಳ್ಳಿ. ನಡುವಿನ ಅಂತರ ಸುಮಾರು 30 ಕೋಟಿ ಕಿ.ಮೀ. 1838ರಲ್ಲಿ ಜರ್ಮನ್ ಖಗೋಳಜ್ಞ ಫ್ರೆಡ್ರಿಕ್ ಬೆಸೆಲ್ ಹೀಗೆಯೇ ‘61 ಸಿಗ್ನಿ’ ನಕ್ಷತ್ರದ ಜಿಗಿತವನ್ನು ಅಳೆದು, ಅದರ ದೂರ ಸುಮಾರು 10 ಜ್ಯೋತಿರ್ವರ್ಷ ಎಂದರು. ಇಂದಿನ ಲೆಕ್ಕ 11ಕ್ಕಿಂತ ತುಸು ಹೆಚ್ಚು.

ಜ್ಯೋತಿರ್ವರ್ಷವನ್ನು ಇಲ್ಲಿಯೇ ವಿವರಿಸಿ. ‘ವರ್ಷ’ ಎಂದಿರುವುದರಿಂದ ಅದನ್ನು ಕಾಲದ ಅಳತೆ ಎಂದು ತಿಳಿಯುವವರು ಬಹಳ. ‘ನಮ್ಮೂರು ಬಸ್ಸಿನಲ್ಲಿ ಎರಡು ತಾಸಿನ ದಾರಿ’ ಎನ್ನುತ್ತೇವಲ್ಲ, ಹಾಗೆಯೇ ಇದು ಬೆಳಕಿಗೆ ಒಂದು ವರ್ಷದ ದಾರಿ: ಸುಮಾರು 9.46 ಲಕ್ಷ ಕೋಟಿ ಕಿ.ಮೀ.

ಬಹುದೂರದ ನಕ್ಷತ್ರಗಳ ಜಿಗಿತ ಅಳತೆಗೆ ಸಿಗದಷ್ಟು ಸಣ್ಣದು. ಆಗ ಬಲ್ಬನ್ನು ಹಚ್ಚಿ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಬಲ್ಬು ಎಷ್ಟು ವ್ಯಾಟಿನದೆಂದು ಗೊತ್ತಿದ್ದರೆ, ಅದು ಎಷ್ಟು ಮಂಕಾಗಿದೆ ಎಂಬುದರಿಂದಲೇ ದೂರ ಹೇಳಬಹುದು. ನಕ್ಷತ್ರದ ವ್ಯಾಟನ್ನು ತಿಳಿಯುವುದು ಹೇಗೆ?

ದಾರಿ ತೋರಿದವರು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್. ಸೆಫೀಡ್ ಎಂಬ ನಕ್ಷತ್ರಗಳ ಬೆಳಕು ಕ್ರಮವಾಗಿ ಏರಿ ಇಳಿಯುತ್ತದೆ. ಕಿರಿಯ ಮೆಗೆಲಾನಿಕ್ ಮೋಡದಲ್ಲಿನ 25 ಸೆಫೀಡ್‌ಗಳನ್ನು ಹೋಲಿಸಿ, ಏರಿಳಿತದ ಅವಧಿ ದೀರ್ಘವಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶಮಾನ ಎಂದು ಅವರು 1912ರಲ್ಲಿ ತೋರಿಸಿದರು. ಅವೆಲ್ಲ ಒಂದೇ ಮೋಡದಲ್ಲಿದ್ದು ಹೆಚ್ಚುಕಡಿಮೆ ಸಮಾನ ದೂರದಲ್ಲಿದ್ದುದರಿಂದ ಈ ಹೋಲಿಕೆ ನ್ಯಾಯವಾದುದು. ಈ ಅಂಶವನ್ನು ವಿದ್ಯಾರ್ಥಿಗಳ ಬಾಯಿಂದಲೇ ಹೊರಡಿಸಿ. ಹತ್ತಿರದ ಕೆಲವು ಸೆಫೀಡ್‌ಗಳ ದೂರವನ್ನು ಅವುಗಳ ಚಲನೆಯಿಂದ ಅಂದಾಜು ಮಾಡಿದಾಗ ಈ ಸಂಬಂಧ ಅಳತೆಗೋಲಾಯಿತು.

1923ರಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ದೇವಯಾನಿಯಲ್ಲಿ ಒಂದು ಸೆಫೀಡನ್ನು ಗುರುತಿಸಿದರು. ಲೆಕ್ಕಕ್ಕೆ ಬಂದ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಆಗ ನಮ್ಮ ಆಕಾಶಗಂಗೆಗೆ ಕೊಡುತ್ತಿದ್ದ ಅತಿ ದೊಡ್ಡ ಅಂದಾಜು 3 ಲಕ್ಷ. ಹಾಗಾದರೆ ದೇವಯಾನಿ ನಮ್ಮ ಆಕಾಶಗಂಗೆಯ ಹೊರಗಿನದು, ತಾನೇ ಒಂದು ಗೆಲಾಕ್ಸಿ.

ಒಂಬತ್ತು ಲಕ್ಷ ಇಪ್ಪತ್ತೈದು ಲಕ್ಷವಾದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಸಂತೋಷಪಡಿ. ಸೆಫೀಡ್‌ಗಳಲ್ಲಿ ಎರಡು ಬಗೆಯಿವೆ ಎಂದು ವಾಲ್ಟರ್ ಬಾಡೆ 1952ರಲ್ಲಿ ತಿಳಿಸಿದಾಗ ದೂರ ಇಮ್ಮಡಿಸಿತು; ಮುಂದಿನ ಅಳತೆಗಳು ಅದನ್ನು ಇನ್ನೂ ತಿದ್ದಿದವು. ತಪ್ಪನ್ನು ಮುಚ್ಚಿಡದೆ ತೋರಿಸುವುದೂ ಈ ಪಾಠದ ಉದ್ದೇಶಗಳಲ್ಲೊಂದು.

ಮೌಲ್ಯಮಾಪನದಲ್ಲಿ ‘ದೇವಯಾನಿಯ ದೂರವೆಷ್ಟು?’ ಎಂದು ಕೇಳಬೇಡಿ. ‘ಯಾರು ಹೋಗಿ ಅಳೆದು ಬಂದರು ಎಂದು ನಿಮ್ಮ ತಂಗಿ ಕೇಳಿದರೆ ಏನು ಹೇಳುತ್ತೀರಿ?’ ಎಂದು ಕೇಳಿ. ನವೆಂಬರಿನ ಚಂದ್ರನಿಲ್ಲದ ರಾತ್ರಿ, ದೀಪಗಳಿಂದ ದೂರವಿರುವ ಬಯಲಿನಿಂದ ದೇವಯಾನಿ ಬರಿಗಣ್ಣಿಗೇ ಮಸುಕು ಬೆಳಕಿನ ತುಣುಕಾಗಿ ಕಾಣುತ್ತದೆ. ಉತ್ತರ ಹೇಳಬಲ್ಲ ವಿದ್ಯಾರ್ಥಿ ಅದನ್ನು ನೋಡುವ ಬಗೆಯೇ ಬೇರೆ.