ಆಲೆಮನೆಯ ವೆಬ್‌ಸೈಟು ಗಿರಾಕಿಗೆ ಕಾಣುವ ಬಗೆ

ಭದ್ರಾ ನಾಲೆಯ ನೀರಿನಿಂದ ಕಬ್ಬು ಬೆಳೆದು, ಸ್ವಂತ ಆಲೆಮನೆಯ ಬೆಲ್ಲವನ್ನು ಮಂಡಿಗೆ ಹಾಕದೆ ನೇರವಾಗಿ ಮಾರಬೇಕೆಂದು ಬಯಸುವ ಭದ್ರಾವತಿ, ಶಿವಮೊಗ್ಗ ತಾಲ್ಲೂಕುಗಳ ಜಮೀನುದಾರರು, ವೆಬ್‌ಸೈಟು ಮಾಡಿಸಿದ ಮಾತ್ರಕ್ಕೆ ವ್ಯಾಪಾರವಾಗುವುದೆಂದು ಭಾವಿಸಬಾರದು. ದೂರದ ಗಿರಾಕಿಯು ನಮ್ಮ ಅಂಗಡಿಯ ಹೆಸರನ್ನರಿಯನು. ತನಗೆ ಬೇಕಾದ ಮಾಲಿನ ಹೆಸರನ್ನೂ ಊರಿನ ಹೆಸರನ್ನೂ ಗೂಗಲ್‌ನಲ್ಲಿ ಬರೆದು ಹುಡುಕುವನು. ಆ ಮಾತುಗಳು ನಮ್ಮ ಪುಟದಲ್ಲಿಲ್ಲದಿದ್ದರೆ ನಾವು ಅವನ ಕಣ್ಣಿಗೆ ಬೀಳುವುದು ದುರ್ಲಭ; ಲಾಭವು ಮಧ್ಯಸ್ಥನ ಪಾಲಾಗುವುದು.

ಅನೇಕ ಪುಟಗಳ ತಲೆಬರಹವು “ನಮ್ಮ ಸಂಸ್ಥೆಗೆ ಸ್ವಾಗತ” ಎಂದಿರುತ್ತದೆ. ಸ್ವಾಗತವೆಂಬ ಮಾತನ್ನು ಬರೆದು ಬೆಲ್ಲವನ್ನು ಹುಡುಕುವವರು ಯಾರು? “ಜೋನಿ ಬೆಲ್ಲ, ಭದ್ರಾವತಿ ತಾಲ್ಲೂಕು” ಎಂದಿದ್ದರೆ ಪ್ರಯೋಜನವುಂಟು. ಜೋನಿ, ಅಚ್ಚು, ಉಂಡೆ, ಪುಡಿ ಬೆಲ್ಲಗಳಿಗೆ ಬೇರೆ ಬೇರೆ ಪುಟಗಳಿರುವುದು ಲೇಸು. ಒಂದೊಂದರಲ್ಲಿಯೂ ತೂಕ, ಧಾರಣೆ, ಕಬ್ಬಿನ ಜಾತಿ, ಬೇಯಿಸುವಾಗ ಏನನ್ನು ಹಾಕುವರು, ಎಷ್ಟು ದಿನ ಕೆಡದೆ ಇರುವುದು ಎಂಬುದನ್ನು ನಿಜವಾಗಿ ಬರೆಯತಕ್ಕದ್ದು. ಇವೆಲ್ಲವನ್ನೂ ಒಂದು ಬಣ್ಣದ ಚಿತ್ರದೊಳಗೆ ಅಚ್ಚುಮಾಡಿ ತೂಗುಹಾಕಿದರೆ ಸಾಲದು. ಓದಲು ಬರುವ ಅಕ್ಷರಗಳಲ್ಲಿಯೇ ಇರಬೇಕು. ಪುಟದ ಮರೆಯಲ್ಲಿ ನೂರಾರು ಪದಗಳನ್ನು ತುಂಬುವ ಹಳೆಯ ಉಪಾಯವೂ ವ್ಯರ್ಥವೇ. ಅಂತಹ ಕೀವರ್ಡು ಪಟ್ಟಿಯನ್ನು ತಾನು ಎಣಿಸುವುದಿಲ್ಲವೆಂದು ಗೂಗಲ್ ಕಂಪನಿಯು 2009ರಲ್ಲಿಯೇ ಪ್ರಕಟಿಸಿತು.

ಊರಿನ ಹೆಸರಿನಲ್ಲಿ ಒಂದು ತೊಡಕುಂಟು. ಇಂಗ್ಲಿಷಿನಲ್ಲಿ ‘ಷಿಮೊಗ’ ಎಂದಿದ್ದುದು 2014ನೆಯ ನವೆಂಬರ್ 1ರಿಂದ ‘ಶಿವಮೊಗ್ಗ’ ಎಂದಾಯಿತು. ಆದರೆ ಹೊರನಾಡಿನ ವರ್ತಕರ ಬಾಯಲ್ಲಿ ಹಳೆಯದು ಇನ್ನೂ ಉಳಿದಿದೆ. ಎರಡನ್ನೂ ಒಮ್ಮೆ ಬರೆದಿಟ್ಟರೆ ನಷ್ಟವೇನೂ ಇಲ್ಲ. ಕನ್ನಡದ ಪುಟದೊಡನೆ ಇಂಗ್ಲಿಷ್ ಪುಟವೂ ಇರಲಿ.

ಹತ್ತಿರದ ಗಿರಾಕಿಗಳಿಗಾಗಿ ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ನೋಂದಾಯಿಸಬೇಕು, ಇದಕ್ಕೆ ಶುಲ್ಕವಿಲ್ಲ. ಅಲ್ಲಿನ ಸ್ಥಾನವು ಹುಡುಕಿದ ಮಾತಿಗೆ ಹೊಂದಿಕೆ, ದೂರ, ಪ್ರಸಿದ್ಧಿ ಈ ಮೂರನ್ನು ಅವಲಂಬಿಸಿದೆ. ಭದ್ರಾವತಿಯ ಆಲೆಮನೆಯವರು, ಸುಮಾರು 20 ಕಿಲೋಮೀಟರು ದೂರದ ಶಿವಮೊಗ್ಗದಲ್ಲಿಯೂ ಕಾಣಬೇಕೆಂಬ ಆಸೆಯಿಂದ, ಅಲ್ಲಿ ಇಲ್ಲದ ಅಂಗಡಿಯ ವಿಳಾಸವನ್ನು ಕೊಡಬಾರದು. ಗೊತ್ತಾದರೆ ನೋಂದಣಿಯೇ ರದ್ದಾಗಬಹುದು. ಶಿವಮೊಗ್ಗಕ್ಕೆ ಮಾಲು ತಲಪಿಸುವೆವೆಂದು ಬರೆದರೆ ಸಾಕು. ಕೊಂಡವರಿಂದ ಅಭಿಪ್ರಾಯವನ್ನು ಕೇಳಿ ಬರೆಸಬಹುದು; ಬಹುಮಾನ ಕೊಟ್ಟು ಬರೆಸುವುದು ನಿಷಿದ್ಧ.

ಮೊದಲನೆಯ ಸ್ಥಾನವನ್ನು ಖಂಡಿತವಾಗಿ ಕೊಡಿಸುವೆವೆಂದು ಹಣ ಕೇಳುವವರ ವಿಷಯದಲ್ಲಿ ಮುಖಂಡರು ತಮ್ಮ ಗ್ರಾಮಸ್ಥರನ್ನು ಎಚ್ಚರಿಸುವುದು ಅವಶ್ಯಕ. ಅಂತಹ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ಕಂಪನಿಯೇ ಹೇಳುತ್ತದೆ. ಹಣ ಕೊಟ್ಟು ಪಡೆಯಬಹುದಾದದ್ದು ಜಾಹೀರಾತಿನ ಸ್ಥಾನ ಮಾತ್ರ, ಅದಕ್ಕೆ ಜಾಹೀರಾತೆಂಬ ಗುರುತೂ ಇರುವುದು.

ಗಿರಾಕಿಗಳು ಯಾವ ಮಾತುಗಳಿಂದ ಹುಡುಕಿ ಬಂದರೆಂಬುದನ್ನು ‘ಸರ್ಚ್ ಕನ್ಸೋಲ್’ ಎಂಬ ಉಚಿತ ಸಾಧನದಲ್ಲಿ ತಿಂಗಳಿಗೊಮ್ಮೆ ನೋಡಿ ಪುಟವನ್ನು ತಿದ್ದತಕ್ಕದ್ದು. ತಿದ್ದಿದುದರ ಫಲವು ಕಾಣಲು ಕೆಲವು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಹಿಡಿಯುವುದರಿಂದ, ಗಾಣ ಹೂಡುವುದಕ್ಕೆ ಎರಡು ಮೂರು ತಿಂಗಳು ಮೊದಲೇ ಈ ಕೆಲಸವನ್ನು ಆರಂಭಿಸುವುದು ಉಚಿತ.