ಹಾಡದೆ ನಿಂತ ಮಕ್ಕಳು

ಕೇರಳದ ಕೋಟ್ಟಯಂ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಒಂದೇ ಮನೆಯ ಮೂವರು ಮಕ್ಕಳು ಓದುತ್ತಿದ್ದರು. ಅಣ್ಣ ಹತ್ತನೆಯ ತರಗತಿ, ಒಬ್ಬ ತಂಗಿ ಒಂಬತ್ತು, ಇನ್ನೊಬ್ಬಳು ಐದು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ರಾಷ್ಟ್ರಗೀತೆ ಶುರುವಾದರೆ ಎಲ್ಲರ ಜೊತೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ಬಾಯಿ ತೆರೆಯುತ್ತಿರಲಿಲ್ಲ. ಆ ಮನೆಯವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ತಮ್ಮ ದೇವರ ಪ್ರಾರ್ಥನೆಯ ಹೊರತು ಬೇರಾವ ವಿಧಿಯಲ್ಲೂ ದನಿಗೂಡಿಸಬಾರದು ಎಂಬುದು ಅವರ ನಂಬಿಕೆ. ಹಿಂದೆ ಅವರ ಅಕ್ಕಂದಿರೂ ಹಾಗೆಯೇ ಸುಮ್ಮನೆ ನಿಂತಿದ್ದರು. ಯಾರಿಗೂ ಅದರಿಂದ ತೊಂದರೆ ಆಗಿರಲಿಲ್ಲ.

1985ರ ಜುಲೈನಲ್ಲಿ ಇದು ಒಬ್ಬ ಶಾಸಕರ ಕಣ್ಣಿಗೆ ಬಿತ್ತು. ಅವರು ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದರು, ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಈ ಮಕ್ಕಳು ಕಾನೂನಿಗೆ ತಲೆಬಾಗಿ ನಡೆಯುವವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದು ಆಯೋಗ ವರದಿ ಕೊಟ್ಟಿತು. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಶಾಲೆಗಳ ಉಪನಿರೀಕ್ಷಕರ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಹಾಕಿದರು. ಸರ್ಕಾರದ ಆದೇಶ ಬರುವವರೆಗಾದರೂ ಮಕ್ಕಳು ಪಾಠಕ್ಕೆ ಕೂರಲಿ ಎಂದು ತಂದೆ ಕೇಳಿಕೊಂಡರೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದರು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಅಸಹಾಯಕತೆಯೇ. ಮೂವರು ಮಕ್ಕಳ ಓದು ನಿಲ್ಲಿಸುವಷ್ಟು ಅಧಿಕಾರ ಒಂದು ಸೂಚನೆಗೆ ಎಲ್ಲಿಂದ ಬಂತು ಎಂದು ಶಾಲೆಯಿಂದ ಹಿಡಿದು ಇಲಾಖೆಯವರೆಗೆ ಯಾರೂ ಕೇಳಲಿಲ್ಲ. ಕೇಳಿದ್ದು ತಂದೆ ಮತ್ತು ಮಕ್ಕಳು, ಅದೂ ನ್ಯಾಯಾಲಯದಲ್ಲಿ.

ಕೇರಳ ಹೈಕೋರ್ಟಿನಲ್ಲಿ ಮೊದಲು ಏಕಸದಸ್ಯ ಪೀಠ, ಆಮೇಲೆ ವಿಭಾಗೀಯ ಪೀಠ, ಎರಡೂ ಕಡೆ ಅವರಿಗೆ ಸೋಲಾಯಿತು. ಹೈಕೋರ್ಟು ರಾಷ್ಟ್ರಗೀತೆಯ ಒಂದೊಂದು ಪದವನ್ನೂ ಪರಿಶೀಲಿಸಿ, ಯಾರ ಧರ್ಮಕ್ಕೂ ನೋವಾಗುವಂಥದ್ದು ಇದರಲ್ಲಿ ಏನೂ ಇಲ್ಲ ಎಂದಿತು. ಆ ಮಾತು ನಿಜವೇ. ಆದರೆ ಮಕ್ಕಳು ಗೀತೆಯ ಅರ್ಥದ ಮೇಲೆ ದೂರು ಹೇಳಿರಲಿಲ್ಲ.

ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಅವರ ಪೀಠ 1986ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ‘ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ’ ಎಂಬ ಹೆಸರಿನಲ್ಲಿ ವಕೀಲರು ಇಂದಿಗೂ ಎತ್ತಿ ಹೇಳುವ ತೀರ್ಪು ಇದು. ನಂಬಿಕೆ ನಮಗೆ ಸರಿ ಕಾಣುತ್ತದೆಯೇ ಎಂಬುದು ಪ್ರಶ್ನೆಯಲ್ಲ, ನಂಬುವವರು ಅದನ್ನು ಮನಃಪೂರ್ವಕವಾಗಿ ನಂಬಿದ್ದಾರೆಯೇ ಎಂಬುದೇ ಪ್ರಶ್ನೆ ಎಂದಿತು ಪೀಠ. ಈ ಮಕ್ಕಳ ನಂಬಿಕೆಯ ಪ್ರಾಮಾಣಿಕತೆಯಲ್ಲಿ ಅದಕ್ಕೆ ಅನುಮಾನವಿರಲಿಲ್ಲ.

ಮುಂದೆ ಪೀಠ ಕಾನೂನನ್ನು ನೋಡಿತು. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆ, ರಾಷ್ಟ್ರಗೀತೆ ಹಾಡುವುದನ್ನು ಬೇಕೆಂದೇ ತಡೆಯುವವರನ್ನು, ಹಾಡುವ ಸಭೆಗೆ ಅಡ್ಡಿ ಮಾಡುವವರನ್ನು ಶಿಕ್ಷಿಸುತ್ತದೆ. ಸುಮ್ಮನೆ ನಿಂತವರು ಯಾರನ್ನು ತಡೆದರು? ಎದ್ದು ನಿಲ್ಲುವುದೇ ಗೌರವ, ಹಾಡದಿರುವುದು ಅಗೌರವವಲ್ಲ. ಇನ್ನು ಉಳಿದದ್ದು ಕೇರಳ ಶಿಕ್ಷಣ ಇಲಾಖೆಯ ಎರಡು ಸುತ್ತೋಲೆಗಳು, 1961ರದ್ದೊಂದು, 1970ರದ್ದೊಂದು. ಅವುಗಳ ಹಿಂದೆ ಶಾಸನದ ಬಲ ಇರಲಿಲ್ಲ. ಸಂವಿಧಾನದ 19ನೆಯ ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಮಿತಿ ಹಾಕಬೇಕಾದರೆ ಕಾನೂನು ಬೇಕು, ಇಲಾಖೆಯ ಕಾಗದ ಸಾಲದು. ಮಾತಾಡುವ ಸ್ವಾತಂತ್ರ್ಯದೊಳಗೆ ಸುಮ್ಮನಿರುವ ಸ್ವಾತಂತ್ರ್ಯವೂ ಸೇರಿದೆ. 25ನೆಯ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕೂ ಇಲ್ಲಿ ಭಂಗವಾಗಿದೆ. ಮೂವರನ್ನೂ ಮರಳಿ ಸೇರಿಸಿಕೊಳ್ಳಿ, ಅಡ್ಡಿಯಿಲ್ಲದೆ ಓದಲು ಬೇಕಾದ ಅನುಕೂಲ ಮಾಡಿಕೊಡಿ ಎಂದು ಪೀಠ ಆದೇಶಿಸಿತು. ನಮ್ಮ ಪರಂಪರೆ, ತತ್ತ್ವಶಾಸ್ತ್ರ, ಸಂವಿಧಾನ ಎಲ್ಲವೂ ಕಲಿಸುವುದು ಸಹಿಷ್ಣುತೆಯನ್ನೇ, ಅದನ್ನು ನಾವು ತೆಳುಮಾಡುವುದು ಬೇಡ ಎಂಬರ್ಥದ ಮಾತಿನೊಂದಿಗೆ ಆ ತೀರ್ಪು ಮುಗಿಯುತ್ತದೆ. ನಮ್ಮ ಡಿ.ಎಡ್., ಬಿ.ಎಡ್. ತರಗತಿಗಳಲ್ಲಿ ಇದನ್ನು ಪಾಠವಾಗಿ ಓದಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಂಥ ಪ್ರಶ್ನೆಯನ್ನು ಅಮೆರಿಕ ನಮಗಿಂತ ಮೊದಲೇ ಎದುರಿಸಿತ್ತು. ಧ್ವಜವಂದನೆ ಮಾಡಲೊಪ್ಪದ ಇದೇ ಪಂಗಡದ ಮಕ್ಕಳನ್ನು ಶಾಲೆಯಿಂದ ತೆಗೆದದ್ದು ಸರಿ ಎಂದು 1940ರಲ್ಲಿ ಹೇಳಿದ ಅಲ್ಲಿನ ಸುಪ್ರೀಂ ಕೋರ್ಟು, ಮೂರೇ ವರ್ಷದಲ್ಲಿ, ಮಹಾಯುದ್ಧ ನಡೆಯುತ್ತಿರುವಾಗಲೇ, ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಶಾಲೆಗೆ ಬಂದ ಮಕ್ಕಳ ಮೊಕದ್ದಮೆಯಲ್ಲಿ 1969ರಲ್ಲಿ ಇನ್ನೂ ಮುಂದೆ ಹೋಯಿತು: ಪಾಠಪ್ರವಚನಕ್ಕೆ ದೊಡ್ಡ ಅಡ್ಡಿಯಾಗದಿದ್ದರೆ ಅಥವಾ ಹಾಗೆ ಆಗುತ್ತದೆಂದು ನಂಬಲು ಕಾರಣವಿಲ್ಲದಿದ್ದರೆ, ವಿದ್ಯಾರ್ಥಿಯ ಅಭಿಪ್ರಾಯವನ್ನು ಶಾಲೆ ಅದುಮುವಂತಿಲ್ಲ. ಎರಡೂ ದೇಶಗಳ ತೀರ್ಪುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಒಂದು ಮಿತಿಯೂ ಕಾಣುತ್ತದೆ. ಕೇರಳದ ಮಕ್ಕಳು ಗದ್ದಲ ಮಾಡಿದ್ದರೆ, ಪಕ್ಕದವರು ಹಾಡುವುದನ್ನು ತಡೆದಿದ್ದರೆ ಕಥೆಯೇ ಬೇರೆ. ಶಾಲೆಗೆ ಶಿಸ್ತು ಬೇಕು, ಇಲ್ಲವೆನ್ನುವವರಾರು? ಆದರೆ ಶಿಸ್ತು ಎಂದರೆ ಎಲ್ಲರೂ ಒಂದೇ ನಂಬಿಕೆಯವರಾಗುವುದಲ್ಲ.

ಕರ್ನಾಟಕಕ್ಕೆ ಈ ಮಾತು ದೂರದ್ದಲ್ಲ. ಹಿಜಾಬ್ ಪ್ರಕರಣದಲ್ಲಿ ನಮ್ಮ ಹೈಕೋರ್ಟು 2022ರ ಮಾರ್ಚ್‌ನಲ್ಲಿ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ವಿದ್ಯಾರ್ಥಿನಿಯರ ಪರವಾಗಿ ಬರೆಯುವಾಗ ಬಿಜೋ ತೀರ್ಪನ್ನು ಆಧಾರವಾಗಿ ಇಟ್ಟುಕೊಂಡರು. ವಿಚಾರ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. ನಿಮ್ಮ ನಿಲುವು ಯಾವುದೇ ಇರಲಿ, ಹುಡುಗಿಯರು ತರಗತಿಯ ಹೊರಗೆ ಕಳೆದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಧುಲಿಯಾ ಅವರ ಬರಹದಲ್ಲಿ ಹೆಣ್ಣುಮಕ್ಕಳ ಓದಿನ ಕಾಳಜಿಯೇ ಎದ್ದು ಕಾಣುತ್ತದೆ.

1986ರಲ್ಲಿ ಇಲ್ಲದ ಕೆಲವು ಆಸರೆಗಳು ಈಗಿನ ಮಕ್ಕಳಿಗಿವೆ. ಮಗುವಿಗೆ ತನ್ನ ವಿಷಯದಲ್ಲಿ ಮಾತಾಡುವ ಹಕ್ಕಿದೆ, ಆ ಮಾತಿಗೆ ಬೆಲೆ ಕೊಡಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ, 6ರಿಂದ 14 ವರ್ಷದವರನ್ನು ಎಂಟನೆಯ ತರಗತಿ ಮುಗಿಯುವ ಮೊದಲು ಶಾಲೆಯಿಂದ ಹೊರಹಾಕುವುದನ್ನು ನಿಷೇಧಿಸುತ್ತದೆ. ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ಅದರ 17ನೆಯ ಸೆಕ್ಷನ್ ತಡೆಯುತ್ತದೆ. ನಮ್ಮ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯದ ಬಾಗಿಲು, ಬಸ್ಸಿನ ವೇಳೆ ಇಂಥವನ್ನು ಮಕ್ಕಳೇ ಎದ್ದು ನಿಂತು ಕೇಳಬಹುದು.

ಹೀಗಿದ್ದೂ ‘ನಾಳೆಯಿಂದ ಬರಬೇಡ’ ಎಂಬ ಮಾತು ನಿಮ್ಮ ಮಗುವಿನ ಕಿವಿಗೆ ಬಿದ್ದರೆ, ಮೊದಲು ಕೇಳಬೇಕಾದ್ದು ಎರಡು: ಯಾವ ನಿಯಮದ ಪ್ರಕಾರ, ಮತ್ತು ಆ ಆದೇಶ ಬರಹದಲ್ಲಿ ಎಲ್ಲಿದೆ. ಉತ್ತರ ಬರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲೂ ಆಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಮಗುವಿಗೆ ಪೆಟ್ಟು ಬಿದ್ದಿದ್ದರೆ, ಹೆದರಿಸಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಆ ಸಂಖ್ಯೆಗೆ ಮಗು ತಾನೇ ಕರೆ ಮಾಡಬಹುದು.